ದಾಬಾ ಅಂದರೆ ಡಬ್ಬ ಅಲ್ಲ

ಆಗ ನನಗೆ ಅರವತ್ತೊಂದು ವರ್ಷ. ಈಗ ಎಪ್ಪತ್ತು. ಅಂದರೆ ಇದು ಒಂಬತ್ತು ವರ್ಷದ ಹಿಂದಿನ ಮಾತು. ನಾನು ಓದಿದ್ದು ಎರಡನೇ ಇಯತ್ತೆ. ಒತ್ತಕ್ಷರ ಎಲ್ಲಿ ಹಾಕಬೇಕೆಂದು ಇವತ್ತಿಗೂ ಕೈ ನಿಲ್ಲಿಸಿ ಯೋಚಿಸುತ್ತೇನೆ. ಆದರೂ ಬರೆಯಲು ಕೂತಿದ್ದೇನೆ, ಯಾಕೆಂದರೆ ನನ್ನ ಮೊಮ್ಮಗಳು ಈ ಕಥೆಯನ್ನು ತಪ್ಪು ತಿಳಿದುಕೊಂಡಿದ್ದಾಳೆ. ಅವಳಿಗೆ ಕನ್ನಡ ಕಿವಿಗೆ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. "ಆಜೀ, ಡಬ್ಯಾಚೀ ಗೋಷ್ಟ ಸಾಂಗ" ಎಂದು ಕೇಳುತ್ತಾಳೆ. ಊಟ ಕಟ್ಟಿಕೊಂಡು ಶಾಲೆಗೆ ಹೋಗುವ ಡಬ್ಬಿಯ ಕಥೆ ಎಂದು ಅವಳ ಲೆಕ್ಕ. ಇದು ಡಬ್ಬಿಯ ಕಥೆ ಅಲ್ಲ. ನಮ್ಮ ಕಡೆ ಡಬ್ಬ ಎಂದರೆ ಬೋರಲು. ಮುಖ ಕೆಳಗೆ, ಬೆನ್ನು ಮೇಲೆ. ಆ ಶಬ್ದದ ಮೇಲೆ ಅವಳ ಜೀವ ನಿಂತಿತ್ತು. ಅವಳಿಗೆ ಆಗ ಇನ್ನೂ ವರ್ಷ ತುಂಬಿರಲಿಲ್ಲ.

ನಮ್ಮದು ಬೀದರ ಜಿಲ್ಲೆ. ನನ್ನ ಗಂಡ ಓಝರ್ ಹತ್ತಿರದ ವಿಮಾನದ ಕಾರ್ಖಾನೆಗೆ ಫಿಟರ್ ಆಗಿ ಬಂದರು, ನಾನು ಅವರ ಹಿಂದೆ ಟ್ರಂಕು ಹಿಡಿದುಕೊಂಡು ನಾಶಿಕಕ್ಕೆ ಬಂದೆ. ಬಂದವಳು ಇಲ್ಲೇ ಉಳಿದೆ. ನಮ್ಮ ಕಟ್ಟಡದ ಹಿಂದೆ ನೀರಿನ ಟಾಕಿ, ಟಾಕಿಯ ಪಕ್ಕ ಒಂದು ಬೇವಿನ ಮರ. ಪಂಚಮಿ ಬಂತೆಂದರೆ ಆ ಮರಕ್ಕೆ ಜೋಕಾಲಿ ಬೀಳುತ್ತಿತ್ತು. ಬೀದರ, ಕಲಬುರಗಿ ಕಡೆಯ ಹೆಂಗಸರೆಲ್ಲ ಅಲ್ಲಿ. ಶ್ರಾವಣದ ಜಿಟಿಜಿಟಿ ಮಳೆ, ಹಗ್ಗ ತೊಯ್ದು ಕೈಗೆ ಜಾರುವುದು, ಆದರೂ ಯಾರೂ ಇಳಿಯುತ್ತಿರಲಿಲ್ಲ. ನಾನೂ ಇಳಿಯುತ್ತಿರಲಿಲ್ಲ, ಮಂಡಿ ನೋಯುತ್ತಿದ್ದರೂ. ಈಗ ಆ ಮರ ಇಲ್ಲ. ಅಲ್ಲಿ ಸ್ಕೂಟರು ನಿಲ್ಲಿಸುತ್ತಾರೆ. ಮರ ಕಡಿದ ದಿನ ನಾನು ಬೈದೆ, ಯಾರೂ ಕೇಳಲಿಲ್ಲ, ಅಷ್ಟೇ.

ಆ ವರ್ಷ ಮಗಳು ಪಂಚಮಿಗೆ ತವರಿಗೆ ಬಂದಳು. ಅವಳನ್ನು ಕೊಟ್ಟದ್ದು ಸಂಭಾಜಿನಗರಕ್ಕೆ. ಊರಿಗೆ ಆಗ ಹಳೆಯ ಹೆಸರೇ ಇತ್ತು, ನನ್ನ ಬಾಯಿಗೆ ಇನ್ನೂ ಆ ಹಳೆಯದೇ ಬರುತ್ತದೆ, ಮೊಮ್ಮಗಳು ತಿದ್ದುತ್ತಾಳೆ. ಬಸ್ಸಿನಿಂದ ಮಗಳು ಇಳಿದಳು, ಕಂಕುಳಲ್ಲಿ ಕೂಸು. ಅವಳ ಹಿಂದೆ ಒಂದು ದೊಡ್ಡ ಚೀಲ ಇಳಿಯಿತು. ಚೀಲದ ಹಿಂದೆ ಅವಳ ಅತ್ತೆ ಇಳಿದಳು. ನನ್ನ ಬೀಗತಿ.

ಮನೆಗೆ ಕರೆತಂದು ಬಾಗಿಲಲ್ಲೇ ಕೇಳಿದೆ: "ಸೊಸಿ ತವರಿಗಿ ಬಂದ್ರ ಅತ್ತೀನೂ ಗಂಟು ಬೀಳ್ತಾಳಂದ್ರ, ಇದ್ಯಾವ ಊರಿನ ಪದ್ಧತಿರೀ ಬೀಗ್ತಿ?"

"ನಿಮ್ಮ ಕೈಯಾಗಿನ ಉಂಡಿ ತಿಂದು ಎಷ್ಟು ಮಂದಿ ಹಲ್ಲು ಮುರ್ಕೊಂಡಾರ ಅಂತ ನೋಡ್ಲಾಕ ಬಂದೀನ್ರಿ," ಎಂದಳು ಆಕೆ, ಕಾಲು ತೊಳೆಯುತ್ತ.

ಪಂಚಮಿಗೆ ನಾನು ಕಟ್ಟುವ ಶೇಂಗಾ ಉಂಡೆಯಲ್ಲಿ ಬೀಜ ಅರ್ಧರ್ಧ ಉಳಿದಿರಬೇಕು. ಹಲ್ಲಿಗೆ ಸಿಗಬೇಕು. ಆಕೆಯದು ಹಿಟ್ಟಿನಂತೆ ನುಣ್ಣಗೆ. ಅದು ಉಂಡೆಯೇ ಅಲ್ಲ, ಹಲ್ಲಿಲ್ಲದವರ ಔಷಧ ಎಂದು ನಾನು ಹೇಳುತ್ತಿದ್ದೆ. ನಮ್ಮಿಬ್ಬರ ಸಂಬಂಧ ಇಂಥದ್ದರ ಮೇಲೇ ನಡೆದಿತ್ತು.

ಆಕೆ ಬಂದದ್ದಕ್ಕೆ ನಿಜವಾದ ಕಾರಣ ಬೇರೆ. ಅಳಿಯ ಕಂಪನಿ ಕೆಲಸಕ್ಕೆಂದು ಪುಣೆಗೆ ಹೋಗಿದ್ದ, ಆಕೆ ಮನೆಯಲ್ಲಿ ಒಬ್ಬಳೇ ಆಗುತ್ತಿದ್ದಳು. ಸೇಡಂ ಕಡೆಯ ಹಳ್ಳಿಯವಳು. ಮಗನ ಜೊತೆ ಇರಲೆಂದು ಬಂದು ವರ್ಷವಾಗಿತ್ತು, ಮರಾಠಿ ಒಂದಕ್ಷರ ಬರುತ್ತಿರಲಿಲ್ಲ, ಕಲಿಯುವ ಇಚ್ಛೆಯೂ ಇರಲಿಲ್ಲ. ಕಾಯಿಪಲ್ಲೆ ಗಾಡಿಯವನಿಗೆ "ಎಷ್ಟಪಾ?" ಎನ್ನುವಳು. ಅವನು ಕಣ್ಣು ಕಣ್ಣು ಬಿಟ್ಟರೆ ಇನ್ನೂ ಗಟ್ಟಿಯಾಗಿ "ಎಷ್ಟಪಾ!" ಎಂದು ಕೂಗುವಳು. ಕಿವಿ ಮಂದ ಇದ್ದವನಿಗೆ ಹೇಳಿದ ಹಾಗೆ.

ಆ ವರ್ಷ ಬೇಸಿಗೆಯಲ್ಲಿ ಕೂಸು ಮೊದಲ ಸಲ ಮಗುಚಿಕೊಂಡಾಗ ನಾನು ಅವರ ಮನೆಯಲ್ಲಿದ್ದೆ. "ಡಬ್ಬ ಬಿತ್ತು! ನನ್ನ ಬಂಗಾರ ಡಬ್ಬ ಬಿತ್ತು!" ಎಂದು ಆಕೆ ಕೂಗಿದ ಕೂಗಿಗೆ ಓಣಿಯ ಮರಾಠಿ ಹೆಂಗಸರೆಲ್ಲ ಹೊರಗೆ ಬಂದರು, ಡಬ್ಬಿ ಯಾವುದು, ಎಲ್ಲಿ ಬಿತ್ತು ಎಂದು ನೋಡಲು. ಆಕೆ ಎಲ್ಲರಿಗೂ ಹೋಳಿಗೆ ಮಾಡಿ ಹಂಚಿದಳು. ಅಂದಿನಿಂದ ಆ ಶಬ್ದ ಆಕೆಯ ನಾಲಗೆಯ ತುದಿಯಲ್ಲೇ ಇತ್ತು. ಕೂಸನ್ನು ಮಲಗಿಸಿದರೆ ಡಬ್ಬ, ಎತ್ತಿದರೆ ಡಬ್ಬ.

ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬ ನರ್ಸ್‌ಬಾಯಿ ಇದ್ದಳು. ಮರಾಠಿಯವಳು, ನೌಕರಿಯಿಂದ ನಿವೃತ್ತಿಯಾದವಳು. ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಸುಮ್ಮನೆ ಕೂರುವ ಹೆಣ್ಣಲ್ಲ. ಪಂಚಮಿ ಹತ್ತಿರ ಬಂದಾಗ, ಹೆಂಗಸರೆಲ್ಲ ಮನೆಯಲ್ಲೇ ಸಿಗುತ್ತಾರೆಂದು ಕಟ್ಟಡದ ಮೀಟಿಂಗ್ ಹಾಲ್‌ನಲ್ಲಿ ಒಂದು ಮಧ್ಯಾಹ್ನ ಕ್ಲಾಸು ಇಟ್ಟಳು. ಮನೆಯಲ್ಲಿ ಯಾರಿಗಾದರೂ ಏನಾದರೂ ಆದರೆ ಡಾಕ್ಟರು ಸಿಗುವ ತನಕ ಏನು ಮಾಡಬೇಕು ಎಂಬ ಕ್ಲಾಸು. ನಾನು ಹೋಗಿದ್ದು ಚಹಾ ಇದೆಯೆಂದು. ಬೀಗತಿ ಬಂದದ್ದು ನಾನು ಹೋದೆನೆಂದು.

ಸಿಸ್ಟರ್ ಒಂದು ಪ್ಲಾಸ್ಟಿಕ್ಕಿನ ಬೊಂಬೆಯನ್ನು ಚಾಪೆಯ ಮೇಲೆ ಮಲಗಿಸಿದಳು. ತಲೆ ಇದೆ, ಎದೆ ಇದೆ, ಅಲ್ಲಿಗೆ ಮುಗಿಯಿತು.

"ಇವನ ಕಾಲೆಲ್ಲಿ ಹೋದವ್ರೀ?" ಎಂದು ಬೀಗತಿ ನನ್ನ ಕಿವಿಯಲ್ಲಿ ಕೇಳಿದಳು.

"ನಿಮ್ಮನ್ನ ನೋಡಿ ಓಡಿ ಹೋಗಬಾರದಂತ ತೆಗೆದಿಟ್ಟಾರ."

ಮೊದಲು ಸಿಸ್ಟರ್ ನಮ್ಮನ್ನೇ ಕೇಳಿದಳು, ಮನುಷ್ಯ ಎಚ್ಚರ ತಪ್ಪಿ ಬಿದ್ದರೆ ಏನು ಮಾಡುತ್ತೀರಿ ಎಂದು. ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತೇವೆ ಎಂದೆವು. ಫಿಟ್ಸ್ ಬಂದರೆ ಮೆಟ್ಟು ಮೂಸಿಸುತ್ತೇವೆ, ಕೈಯಲ್ಲಿ ಬೀಗದ ಕೈ ಕೊಡುತ್ತೇವೆ ಎಂದೆವು. ಬಾಯಿಗೆ ನೀರು ಬಿಡುತ್ತೇವೆ ಎಂದು ನಾನು ಹೇಳಿದೆ. ನಮ್ಮವರಲ್ಲಿ ಯಾರಿಗಾದರೂ ಕೊನೆಗಾಲ ಬಂದರೆ ಹಣೆಗೆ ವಿಭೂತಿ ಹಚ್ಚಿ ಬಾಯಿಗೆ ನೀರು ಬಿಡಲು ನನ್ನನ್ನೇ ಕರೆಯುತ್ತಿದ್ದರು. ಹೆದರದೆ ಮಾಡುತ್ತೇನೆಂದು. ಹಾಗಾಗಿ ನನಗೆ ನೀರು ಬಿಡುವುದು ಕೈಗೆ ಬಂದ ಕೆಲಸ.

ಸಿಸ್ಟರ್ ಎಲ್ಲ ಕೇಳಿಕೊಂಡಳು. ಆಮೇಲೆ ಮರಾಠಿಯಲ್ಲಿ ಹೇಳಿದಳು, ಉಳ್ಳಾಗಡ್ಡಿಗೆ ಜೀವ ತರುವ ಗುಣ ಇದ್ದಿದ್ದರೆ ಉಳ್ಳಾಗಡ್ಡಿಯ ದೊಡ್ಡ ಪೇಟೆ ಇರುವ ಲಾಸಲಗಾಂವ್‌ನಲ್ಲಿ ಯಾರೂ ಸಾಯುತ್ತಿರಲಿಲ್ಲ, ಅದನ್ನು ಭಜಿಗೆ ಹಾಕಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಬಿಟ್ಟರೆ ಅದು ಹೊಟ್ಟೆಗೆ ಹೋಗುವುದಿಲ್ಲ, ಉಸಿರಿನ ದಾರಿಗೆ ಹೋಗುತ್ತದೆ, ನೀವೇ ಕೊಂದ ಹಾಗೆ. ನನಗೆ ಎಷ್ಟು ಮಂದಿಯ ಬಾಯಿಗೆ ಬಿಟ್ಟಿದ್ದೆ ಎಂದು ಯೋಚನೆ ಬಂತು. ಆದರೆ ಅವರೆಲ್ಲ ಹೇಗೂ ಹೊರಟವರೇ ಆಗಿದ್ದರು, ಅದನ್ನು ಎಳೆದುಕೊಂಡು ಕೂರುವ ಹೆಣ್ಣು ನಾನಲ್ಲ.

ಆಮೇಲೆ ಸಿಸ್ಟರ್ ತೋರಿಸಿದಳು. ಬಿದ್ದವನ ಭುಜ ತಟ್ಟಿ ಕೂಗಬೇಕು. ಎದ್ದಿಲ್ಲವೆಂದರೆ ಇನ್ನೊಬ್ಬರಿಗೆ ಆಂಬುಲೆನ್ಸಿಗೆ ಫೋನು ಮಾಡಲು ಹೇಳಬೇಕು. ಎದೆ ಏರಿಳಿಯುತ್ತದೆಯೇ ನೋಡಬೇಕು. ಉಸಿರಿಲ್ಲವೆಂದರೆ ಎದೆಯ ನಡುವೆ ಅಂಗೈ ಇಟ್ಟು, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ಮೈಭಾರ ಬಿಟ್ಟು ಒತ್ತಬೇಕು. ಒತ್ತಿ ಬಿಡಬೇಕು, ಒತ್ತಿ ಬಿಡಬೇಕು, ಬೇಗ ಬೇಗ, ಆಂಬುಲೆನ್ಸು ಬರುವ ತನಕ ನಿಲ್ಲಿಸಬಾರದು. ದಣಿದರೆ ಇನ್ನೊಬ್ಬರು ಕೂರಬೇಕು.

ಮೊದಲು ನಾನು ಕೂತೆ. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ಬಡಿದ ಕೈ, ಇದೇನು ದೊಡ್ಡದು ಎಂದುಕೊಂಡೆ. ಪಟಪಟ ಬಡಿದೆ. ಸಿಸ್ಟರ್ ನನ್ನ ಮೊಣಕೈ ಹಿಡಿದು ನೆಟ್ಟಗೆ ಮಾಡಿದಳು. "ಆಜೀ, ಹೀ ಭಾಕರೀ ನಾಹೀ" ಎಂದಳು, ಇದು ರೊಟ್ಟಿ ಅಲ್ಲ ಎಂದು. ರೊಟ್ಟಿ ಮಣಿಕಟ್ಟಿನ ಕೆಲಸ, ಇದು ಸೊಂಟದ ಕೆಲಸ. ಸ್ವಲ್ಪ ಹೊತ್ತಿಗೆ ನನಗೆ ಬೆವರು ಬಂತು. ಬೀಗತಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಆಮೇಲೆ ಆಕೆಯ ಸರದಿ. ಮಂಡಿಯೂರಿ ಬೊಂಬೆಯ ಪಕ್ಕ ಕೂತಳು. ಸಿಸ್ಟರ್ ಮೇಲಿನಿಂದ "ದಾಬಾ! ಆಜೀ, ದಾಬಾ!" ಎಂದಳು. ಮರಾಠಿಯಲ್ಲಿ ದಾಬಾ ಎಂದರೆ ಒತ್ತಿ ಎಂದು. ಬೀಗತಿ ಒಮ್ಮೆ ಸಿಸ್ಟರನ್ನು ನೋಡಿದಳು, ಒಮ್ಮೆ ಬೊಂಬೆಯನ್ನು ನೋಡಿದಳು. ಬೊಂಬೆಯ ಕುತ್ತಿಗೆಗೆ ಒಂದು ಕೈ, ಎದೆಯ ಅಡಿಗೆ ಒಂದು ಕೈ ಹಾಕಿ ಅದನ್ನು ತಿರುವಿ ಡಬ್ಬ ಹಾಕಿದಳು.

"ದಾಬಾ, ದಾಬಾ! ಜೋರಾತ!" ಎಂದಳು ಸಿಸ್ಟರ್, ಗಾಬರಿಯಿಂದ.

"ಹಾಕೀನಲ್ಲವ್ವಾ ಡಬ್ಬ! ಇನ್ನೆಷ್ಟು ಡಬ್ಬ ಹಾಕಬೇಕು?"

ಹಾಲ್ ಪೂರಾ ನಕ್ಕಿತು. ಕನ್ನಡದವರು ಮೊದಲು ನಕ್ಕರು, ನಾನು ಮರಾಠಿಯಲ್ಲಿ ಬಿಡಿಸಿ ಹೇಳಿದ ಮೇಲೆ ಮರಾಠಿಯವರೂ ನಕ್ಕರು. ಒಬ್ಬಳು ಚಹಾ ಚೆಲ್ಲಿಕೊಂಡಳು. ಬೀಗತಿ ಮೊದಲು ತಾನೂ ನಕ್ಕಳು, ಆಮೇಲೆ ನಗು ನಿಲ್ಲದಿದ್ದಾಗ ಮುಖ ಸಣ್ಣದು ಮಾಡಿಕೊಂಡಳು.

ಸಿಸ್ಟರ್ ಮಾತ್ರ ನಗಲಿಲ್ಲ. ಚೀಲದಿಂದ ಕೂಸಿನಷ್ಟು ಗಾತ್ರದ ಒಂದು ಬೊಂಬೆ ತೆಗೆದು ಬೀಗತಿಯ ಕೈಗೆ ಕೊಟ್ಟಳು. ನನಗೆ ಹೇಳಿದಳು, ನಿಮ್ಮ ಭಾಷೆಯಲ್ಲಿ ಇವರಿಗೆ ಹೇಳಿ, ದೊಡ್ಡವರಿಗೆ ತಪ್ಪಾಗಿದ್ದು ಕೂಸಿಗೆ ಸರಿ ಎಂದು. ನಾನು ಹೇಳಿದೆ:

"ಕೂಸಿನ ಗಂಟಲದಾಗ ಏನರ ಸಿಕ್ಕು ಉಸುರು ನಿಂತ್ರ ಡಬ್ಬನೇ ಹಾಕಬೇಕಂತ್ರೀ. ಕೆಮ್ಮಲತ್ತಿದ್ರ, ಅಳ್ಳತ್ತಿದ್ರ ಮುಟ್ಟಬಾರದಂತ, ತಾನೇ ಹೊರಗ ಹಾಕ್ತದ. ಸಪ್ಪಳನೇ ಇಲ್ಲಂದ್ರ ಮುಂಗೈ ಮ್ಯಾಲ ಡಬ್ಬ ಹಾಕಿ, ದವಡಿ ಹಿಡದು, ತಲಿ ಕೆಳಗ ಮಾಡಿ, ಬೆನ್ನಿನ ನಡುವ ಅಂಗೈಲೆ ಐದು ಸರ್ತಿ ಗುದ್ದಬೇಕಂತ. ಬರಲಿಲ್ಲಂದ್ರ ಅಂಗಾತ ತಿರುವಿ, ಎದಿ ಮ್ಯಾಲ ಎರಡು ಬೆರಳಿಟ್ಟು ಐದು ಸರ್ತಿ ಒತ್ತಬೇಕಂತ. ಮತ್ತ ಡಬ್ಬ. ಕಾಣಲಾರದ್ದಕ್ಕ ಬಾಯಾಗ ಬೆರಳು ಹಾಕಬಾರದಂತ. ನೀರು ಹಾಕಬಾರದಂತ."

ಬೀಗತಿ ಬೊಂಬೆಯನ್ನು ಎಡಗೈ ಮೇಲೆ ಮಲಗಿಸಿದ ರೀತಿ ನೋಡಿ ಸಿಸ್ಟರ್ ತಲೆ ಆಡಿಸಿದಳು. ಐದು ಹಡೆದವಳು, ಕೂಸು ಹಿಡಿಯುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಆದರೆ ಗುದ್ದು ಮಾತ್ರ ನಿದ್ದೆ ಮಾಡಿಸಲು ತಟ್ಟಿದ ಹಾಗೆ ಇತ್ತು.

"ಜೋರಾತ, ಆಜೀ!"

"ಜೋರಾಗಿ ಹೊಡೀರಿ ಅಂತಾಳ," ಎಂದೆ.

"ಅಷ್ಟು ಹೊಡದ್ರ ಕೂಸು ಸತ್ತೇ ಹೋತದ್ರೀ."

"ಹೊಡೀದಿದ್ರನೇ ಸಾಯ್ತದಂತ."

ಮನೆಗೆ ಬಂದ ಮೇಲೆ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಲಿಲ್ಲ. ಪಾತ್ರೆ ತೊಳೆದಿಟ್ಟರೆ "ಡಬ್ಬ ಹಾಕ್ರಿ ಬೀಗ್ತಿ, ನಿಮಗ ಅಭ್ಯಾಸ ಅದ" ಎನ್ನುತ್ತಿದ್ದೆ. ಮರುದಿನ ಜೋಕಾಲಿಯ ಹತ್ತಿರ ಹೆಂಗಸರಿಗೆಲ್ಲ ಮಾತು ಹಬ್ಬಿತ್ತು. "ಡಬ್ಬ ಬೀಗ್ತಿ ಬಂದ್ರು, ಹಗ್ಗ ಗಟ್ಟಿ ಹಿಡೀರೆವ್ವ, ನಿಮ್ಮನ್ನೂ ತಿರುವ್ಯಾರು!" ಎಂದು ಒಬ್ಬಳು ಮೇಲಿನಿಂದ ಕೂಗಿದಳು. ನಗುವಿನ ಸದ್ದು, ತೊಯ್ದ ಬೇವಿನ ವಾಸನೆ, ಎಲ್ಲ ಈಗಲೂ ನನ್ನ ಹತ್ತಿರ ಇವೆ. ಬೀಗತಿ ಜೋಕಾಲಿ ಹತ್ತದೆ ತಿರುಗಿ ಬಂದಳು. ರಾತ್ರಿ ಊಟಕ್ಕೆ ಕೂತಾಗ ನನ್ನ ಜೊತೆ ಮಾತಿಲ್ಲ. ಸೊಸೆಗೆ ಹೇಳಿದಳು, ನಾನು ಎದುರಿಗೇ ಇದ್ದರೂ:

"ನಿಮ್ಮವ್ವಗ ಹೇಳು. ಇನ್ನೊಮ್ಮಿ ಆ ಮಾತು ಆಕಿ ಬಾಯಾಗ ಬಂದ್ರ ನಾ ಹಬ್ಬಕ್ಕ ನಿಲ್ಲಂಗಿಲ್ಲ. ಮುಂಜಾನಿ ಬಸ್ ಹತ್ತತೀನಿ."

"ಬಸ್ಸಿನ ಬೋರ್ಡ್ ಮರಾಠಿದಾಗ ಇರ್ತದ, ಯಾರು ಓದಿ ಹೇಳ್ತಾರಂತ ಕೇಳು ನಿಮ್ಮತ್ತಿಗಿ," ಎಂದೆ ನಾನೂ.

ಮಗಳು ಇಬ್ಬರನ್ನೂ ನೋಡಿ ಎದ್ದು ಹೋದಳು.

ಮರುದಿನ, ಹಬ್ಬದ ಹಿಂದಿನ ದಿನ, ಉಂಡೆಯ ಕೆಲಸ. ನಾನು ಒಲೆಯ ಮುಂದೆ ಶೇಂಗಾ ಹುರಿಯುತ್ತಿದ್ದೆ. ಬೀಗತಿ ಮಂಚಕ್ಕೆ ಆತು ಕೂತು, ನನಗೆ ಬೆನ್ನು ಮಾಡಿ, ಹುರಿದದ್ದನ್ನು ಅಂಗೈಯಲ್ಲಿ ತಿಕ್ಕಿ ಮೊರದಲ್ಲಿ ಕೇರುತ್ತಿದ್ದಳು. ಕೆಂಪು ಸಿಪ್ಪೆ ಮನೆ ತುಂಬ ಹಾರುತ್ತಿತ್ತು, ಕೇರಿದಾಗೊಮ್ಮೆ ಒಂದೆರಡು ಬೀಜ ಜಿಗಿದು ನೆಲಕ್ಕೆ ಬೀಳುತ್ತಿದ್ದವು. ಕೂಸು ಆಕೆಯ ಮಂಡಿಯ ಸುತ್ತ ಅಂಬೆಗಾಲಿಡುತ್ತ ಸಿಪ್ಪೆ ಹಿಡಿಯಲು ಹೋಗುತ್ತಿತ್ತು, ಸಿಗದಿದ್ದರೆ ಕಿರುಚುತ್ತಿತ್ತು.

ಕಿರುಚುವುದು ನಿಂತಿತು. ಮನೆಯಲ್ಲಿ ಕೂಸಿದ್ದಾಗ ಸದ್ದು ಬಂದರೆ ಚಿಂತೆಯಿಲ್ಲ, ನಿಂತರೆ ತಿರುಗಿ ನೋಡಬೇಕು. ತಿರುಗಿದೆ. ಕೂಸು ಬಾಯಿ ತೆರೆದಿದೆ, ಕಣ್ಣು ದೊಡ್ಡವಾಗಿವೆ, ಎದೆ ಒಳಕ್ಕೆ ಎಳೆದುಕೊಳ್ಳುತ್ತಿದೆ, ಸದ್ದಿಲ್ಲ. ತುಟಿ ನೇರಳೆ ಹಣ್ಣು ತಿಂದ ಹಾಗೆ.

ಬೀಗತಿಯೂ ನೋಡಿದಳು. ಮೊರ ಬಿಸಾಕಿ ಕೂಸನ್ನು ಎತ್ತಿಕೊಂಡು ಬಾಯಿಗೆ ಬೆರಳು ಹಾಕಲು ಹೋದಳು. ಮಗಳು "ಅವ್ವಾ!" ಎಂದು ಚೀರಿ ನೀರಿನ ಲೋಟ ಹಿಡಿದು ಓಡಿ ಬಂದಳು. ನನ್ನ ಕೈಯಲ್ಲಿ ಕಾದ ಕಡಾಯಿ. ಸಿಸ್ಟರ್ ಹೇಳಿದ್ದೆಲ್ಲ ತಲೆಯಲ್ಲಿತ್ತು, ಮುಂಗೈ, ದವಡೆ, ಬೆನ್ನು, ಎಲ್ಲ. ಬಾಯಿಗೆ ಬಂದದ್ದು ಒಂದೇ.

"ಡಬ್ಬ! ಡಬ್ಬ ಹಾಕ್ರೀ ಬೀಗ್ತೀ, ಡಬ್ಬ!"

ಆಕೆ ತಲೆ ಎತ್ತಿ ನನ್ನನ್ನು ನೋಡಿದಳು. ಕೂಸು ಕೈಯಲ್ಲಿ ನೀಲಿಯಾಗುತ್ತಿರುವಾಗಲೂ ಇವಳು ನನ್ನನ್ನು ಆಡಿಕೊಳ್ಳುತ್ತಿದ್ದಾಳೆ ಎಂಬ ನೋಟ ಅದು. ಬೆರಳು ಕೂಸಿನ ತುಟಿಯ ಹತ್ತಿರವೇ ನಿಂತಿತು. ಆ ಶಬ್ದವನ್ನು ಎರಡು ದಿನದಿಂದ ನಾನೇ ಕೆಡಿಸಿ ಇಟ್ಟಿದ್ದೆ.

"ನಗಲಾಕ ಅಲ್ರೀ! ಸಿಸ್ಟರ್ ಹೇಳಿದ ಡಬ್ಬ!"

ಆಗ ತಿಳಿಯಿತು ಆಕೆಗೆ. ಒಂದೇ ಬೀಸಿಗೆ ಕೂಸು ಎಡಗೈ ಮೇಲೆ ಡಬ್ಬ ಬಿತ್ತು, ದವಡೆ ಬೆರಳಲ್ಲಿ, ತಲೆ ಕೆಳಗೆ. ನಾನು ಕಡಾಯಿ ಕೆಳಗಿಟ್ಟು ಮಗಳ ಕೈಯಿಂದ ಲೋಟ ಹೊಡೆದು ಹಾಕಿದೆ. ಬೀಗತಿ ಬೆನ್ನಿಗೆ ತಟ್ಟಿದಳು. ಮತ್ತೆ ಅದೇ ನಿದ್ದೆ ಮಾಡಿಸುವ ತಟ್ಟು.

"ಜೋರಾತ!" ಎಂದು ಕೂಗಿದೆ. ಕನ್ನಡದಲ್ಲಿ ಕೂಗಬೇಕಿತ್ತು, ಸಿಸ್ಟರ್ ಮಾತೇ ಬಾಯಿಗೆ ಬಂತು.

ಮರಾಠಿ ಬಾರದ ನನ್ನ ಬೀಗತಿಗೆ ಆ ಮರಾಠಿ ತಿಳಿಯಿತು. ಅಂಗೈಯಿಂದ ಗುದ್ದಿದಳು. ಆ ಸದ್ದು ನನ್ನ ಎದೆಗೆ ತಾಗಿತು. ಐದು ಗುದ್ದಿಗೂ ಏನೂ ಬರಲಿಲ್ಲ. ಕೂಸನ್ನು ಅಂಗಾತ ತಿರುವಿದಳು.

"ದಾಬಾ!" ಎಂದೆ.

ಆಕೆ ಎರಡು ಬೆರಳಿಟ್ಟು ಒತ್ತಿದಳು. ಈ ಸಲ ದಾಬಾ ದಾಬಾ ಆಗಿಯೇ ಕೇಳಿಸಿತ್ತು. ಒತ್ತಿ ಮುಗಿಸಿ, ನಾನು ಹೇಳುವ ಮೊದಲೇ, ತಾನೇ "ಡಬ್ಬ" ಎಂದು ಗೊಣಗುತ್ತ ತಿರುವಿ ಗುದ್ದಿದಳು. ಕೂಸಿನ ಬಾಯಿಯಿಂದ ಜೊಲ್ಲಿನ ಜೊತೆ ಅರ್ಧ ಶೇಂಗಾ ಬೀಜ ಜಾರಿ ನೆಲಕ್ಕೆ ಬಿತ್ತು. ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಕೂಸು ಅತ್ತಿತು. ಅಂಥ ಅಳು ನಾನು ಹಿಂದೆ ಕೇಳಿಲ್ಲ, ಕಟ್ಟಡ ಒಡೆಯುವಂಥದ್ದು.

ಮಗಳು ಎದೆಗೆ ಒತ್ತಿಕೊಂಡು ಸುಮ್ಮನಿರಿಸಲು ಹೋದಳು. "ಅಳ್ಲಿ ಬಿಡವ್ವ," ಎಂದಳು ಬೀಗತಿ, ಗೋಡೆಗೆ ಒರಗಿ. "ಅಳ್ಳತ್ತಿದ್ರ ಮುಟ್ಟಬಾರದಂತ."

ರಿಕ್ಷಾ ಹಿಡಿದು ಮಕ್ಕಳ ಡಾಕ್ಟರ ಹತ್ತಿರ ಓಡಿದೆವು. ಅವನು ಕೂಸಿನ ಎದೆಗೆ ಕೊಳವೆ ಇಟ್ಟು ಎರಡೂ ಕಡೆ ಕೇಳಿದ, ಮತ್ತೆ ಕೇಳಿದ, ಏನೂ ಉಳಿದಿಲ್ಲ ಎಂದ. ಬೆನ್ನ ಮೇಲಿನ ಕೆಂಪು ನೋಡಿ ಹೊಡೆದವರು ಯಾರು ಎಂದು ಮರಾಠಿಯಲ್ಲಿ ಕೇಳಿದ.

ನಾನು ಬಿಡಿಸಿ ಹೇಳುವ ಮೊದಲೇ ಬೀಗತಿ "ನಾನೇರಿ!" ಎಂದು ಕಿವುಡನಿಗೆ ಹೇಳಿದ ಹಾಗೆ ಕೂಗಿದಳು. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದಳು. "ಛಾನ್ ಕೇಲಂ, ಆಜೀ" ಎಂದ ಡಾಕ್ಟರು. ಏನಂದ ಎಂದು ಆಕೆ ನನ್ನನ್ನು ಕೇಳಿದಳು. "ಛಲೋ ಮಾಡೀರಂತ" ಎಂದೆ. ಎರಡು ದಿನದಲ್ಲಿ ಆಕೆಗೆ ನಾನು ಹೇಳಿದ ಮೊದಲ ನೆಟ್ಟಗಿನ ಮಾತು ಅದು, ಅದೂ ಡಾಕ್ಟರ ಮಾತು.

ಸಂಜೆ ಕಪ್ಪು ಬಸಿಯಲ್ಲಿ ಚಹಾ ಕೊಟ್ಟರೆ ಆಕೆ ಕೂಸನ್ನು ತೊಡೆಯಿಂದ ಇಳಿಸದೆ ಒಂದೇ ಕೈ ಚಾಚಿದಳು. ನಾನು ಕಪ್ಪು ತೆಗೆದುಕೊಂಡು ಲೋಟಕ್ಕೆ ಸುರಿದು ಕೊಟ್ಟೆ. ಹುರಿದ ಶೇಂಗಾ ಹಾಗೇ ಮೂಲೆಯಲ್ಲಿ ಬಿದ್ದಿತ್ತು.

ಬೀಗತಿ ಹೋಗಿ ಈಗ ಮೂರು ವರ್ಷ. ಸಂಭಾಜಿನಗರದ ಮನೆಯಲ್ಲಿ, ಮಲಗಿದಲ್ಲೇ, ನಿದ್ದೆಯಲ್ಲಿ ಹೋದಳು. ಯಾರಿಗೂ ಎದೆ ಒತ್ತುವ ಕೆಲಸ ಕೊಡಲಿಲ್ಲ. ಇರುವ ತನಕ ಬಂದವರಿಗೆಲ್ಲ ಹೇಳುತ್ತಿದ್ದಳು, "ತಿರುವಿದಾಕಿ ನಾ, ಗುದ್ದಿದಾಕಿ ನಾ. ಈಕಿ ಬರೇ ಹೊಯ್ಕೊಂಡಾಳ." ಅದು ಖರೆ. ಇದನ್ನು ಆಕೆ ಬರೆದಿದ್ದರೆ ನನ್ನ ಹೆಸರಿಗೆ ಒಂದು ಸಾಲು ಬರುತ್ತಿತ್ತು. ಸಿಸ್ಟರ್ ಕ್ಲಾಸಿಗೆ ನಾನು ಆಮೇಲೂ ಹೋಗಿ ಕೂತೆ, ಮೊಣಕೈ ಈಗ ಬಾಗುವುದಿಲ್ಲ. ಆದರೆ ಪಕ್ಕದಲ್ಲಿ ಕಾಲೆಲ್ಲಿ ಹೋದವು ಎಂದು ಕೇಳುವವರು ಇಲ್ಲದೆ ಆ ಬೊಂಬೆ ಬರೀ ಬೊಂಬೆ.

ಆ ವರ್ಷ ಹಬ್ಬದ ಬೆಳಿಗ್ಗೆ, ಅಂದರೆ ಕೂಸಿಗೆ ಹಾಗಾದ ಮರುದಿನವೇ, ನಾಗಪ್ಪನಿಗೆ ಹಾಲೆರೆಯುವ ಮೊದಲು, ನಾನು ಮಂಚದ ಪಕ್ಕ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದೆ. ಕೆನ್ನೆ ನೆಲಕ್ಕೆ ಹಚ್ಚಿದರೆ ಮಾತ್ರ ಮಂಚದ ಕೆಳಗೆ ಕಾಣುತ್ತಿತ್ತು. ಕಸಬರಿಗೆ ಚಾಚಿ ಎಳೆಯುತ್ತಿದ್ದೆ. ಹಿಂದಿನಿಂದ ಬೀಗತಿಯ ದನಿ ಬಂತು:

"ಏನ್ರೀ ಬೀಗ್ತಿ, ಮುಂಜಾನೆದ್ದು ಡಬ್ಬ ಬಿದ್ದೀರಿ? ಹೋಳಿಗಿ ಮಾಡ್ಲೇನು?"

"ಮಾಡ್ರಿ," ಎಂದೆ ಮಂಚದ ಕೆಳಗಿನಿಂದ.

ಮೂಲೆಯಿಂದ, ಟ್ರಂಕಿನ ಹಿಂದಿನಿಂದ, ಧೂಳಿನ ಜೊತೆ ಶೇಂಗಾ ಬೀಜ ಉರುಳಿ ಬಂದವು. ಎಲ್ಲ ಆರಿಸಿ ಹೊರಗೆ ಚೆಲ್ಲಿದೆ. ಆಮೇಲೆ ಎದ್ದು, ಕೈ ತೊಳೆದು, ಮೂಲೆಯಲ್ಲಿದ್ದ ಹುರಿದ ಶೇಂಗಾವನ್ನೆಲ್ಲ ಕಬ್ಬಿಣದ ಒರಳಿಗೆ ಸುರಿದುಕೊಂಡು ಕೂತೆ, ಅರ್ಧ ಬೀಜವೂ ಉಳಿಯದಂತೆ, ಆಕೆಯ ಉಂಡೆಯ ಹಾಗೆ ನುಣ್ಣಗೆ ಕುಟ್ಟಿದೆ.